ತೆನೆಯ ಸಾಲು ಎಣಿಸಿ ನೋಡಿ

ಓದುಗರ ಪತ್ರ: "ನಾನು ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದೇನೆ. ಏನಾದರೂ ಹೊಸ ವಿಷಯ ತಿಳಿದರೆ ಗಿರಾಕಿಗಳಿಗೆ ಹೇಳದೆ ಇರೋಕೆ ಆಗಲ್ಲ. ಮೊನ್ನೆ ಮೆಕ್ಕೆಜೋಳದ ತೆನೆ ಸುಲಿಯುವಾಗ ಸುಮ್ನೆ ಕಾಳಿನ ಸಾಲು ಎಣಿಸಿದೆ. 14 ಬಂತು. ಇನ್ನೊಂದರಲ್ಲಿ 16. ಎಷ್ಟು ತೆನೆ ನೋಡಿದರೂ ಬೆಸ ಸಂಖ್ಯೆ ಸಿಗಲಿಲ್ಲ. ಬಂದವರಿಗೆಲ್ಲ ಹೇಳಿದೆ. ಕೆಲವರು ಎಣಿಸಿದರು, ಕೆಲವರು ನಕ್ಕರು. ಕಾಲೇಜಿಗೆ ಹೋಗುವ ಮಗ, 'ಅಪ್ಪಾ, ಇದೆಲ್ಲ ಗೂಗಲ್‌ನಲ್ಲಿ ಇದೆ, ಯಾಕೆ ಎಲ್ಲರ ತಲೆ ತಿಂತೀಯ?' ಅಂತಾನೆ. ಹಿಂದೊಮ್ಮೆ, ಯುನೆಸ್ಕೋ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠ ಅಂತ ಘೋಷಿಸಿದೆ ಎಂದು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ್ದೆ. ಅದು ಸುಳ್ಳು ಅಂತ ಗೊತ್ತಾಗಿ ನಾಚಿಕೆ ಆಯ್ತು. ಇಂಥ ಚಿಲ್ಲರೆ ಸಂಗತಿ ಹೇಳುವುದರಿಂದ ಯಾರಿಗಾದರೂ ಉಪಯೋಗ ಇದೆಯಾ? ಇಲ್ಲ ಬಿಟ್ಟುಬಿಡಲಾ? ವಿ.ಸೂ.: ತೆನೆಯ ತುದಿಯಲ್ಲಿ ಎಷ್ಟೋ ಸಲ ಕಾಳು ಕಟ್ಟಿರುವುದಿಲ್ಲ. ಯಾಕೆ?"

ಸಂಪಾದಕರ ಉತ್ತರ:

ನಮಸ್ಕಾರ. ದಯವಿಟ್ಟು ಬಿಡಬೇಡಿ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನೀವು ಎತ್ತಿದ ಮಾತು ಪತ್ರಿಕೆ ನಡೆಸುವ ನಮಗೂ ಅಷ್ಟೇ ಹತ್ತಿರದ್ದು.

ಮೊದಲು ತೆನೆಯ ವಿಷಯ. ನಿಮ್ಮ ಪತ್ರ ಓದಿ ಆಫೀಸಿಗೆ ಒಂದಿಷ್ಟು ಹಸಿ ತೆನೆ ತರಿಸಿದೆವು. ಎಲ್ಲರೂ ಕೂತು ಎಣಿಸಿದೆವು. ನೀವು ಕಂಡದ್ದು ನಿಜ. ತೆನೆ ತೀರಾ ಎಳೆಯದಿರುವಾಗ, ಕಣ್ಣಿಗೆ ಕಾಣಿಸದಷ್ಟು ಸಣ್ಣದಿರುವಾಗ, ದಿಂಡಿನ ಮೈಮೇಲೆ ಪುಟ್ಟ ಗುಬಟುಗಳು ಏಳುತ್ತವೆ. ಒಂದೊಂದು ಗುಬಟೂ ಎರಡಾಗಿ ಒಡೆಯುತ್ತದೆ. ಆ ಎರಡು ಮುಂದೆ ಎರಡು ಕಾಳಾಗುತ್ತವೆ. ಹಾಗಾಗಿ ಸಾಲುಗಳು ಹುಟ್ಟುವುದೇ ಜೋಡಿಯಾಗಿ. ಏಳು ಜೋಡಿ ಇದ್ದರೆ 14 ಸಾಲು, ಎಂಟು ಜೋಡಿ ಇದ್ದರೆ 16. ಅಪರೂಪಕ್ಕೆ ಯಾವುದೋ ಸಾಲು ನಡುವೆ ಕೆಟ್ಟು ಲೆಕ್ಕ ತಪ್ಪಬಹುದು. ಅಂಥ ತೆನೆ ಸಿಕ್ಕರೆ ಎತ್ತಿಡಿ, ಅದೂ ನೋಡುವಂಥದ್ದೇ.

ಇನ್ನು ನಿಮ್ಮ ವಿ.ಸೂ. ತೆನೆಯ ತುದಿಯಲ್ಲಿ ಜೊಂಪೆಯಾಗಿ ಇಳಿಬಿದ್ದಿರುವ ಕೂದಲು ಇದೆಯಲ್ಲ, ಅದರ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಗಿಡದ ತಲೆಯ ಮೇಲೆ ಬರುವ ಸೂಲಂಗಿ ಗಂಡು ಹೂವು. ಅದರ ಪರಾಗ ಗಾಳಿಯಲ್ಲಿ ಬಂದು ಈ ಎಳೆಯ ಮೇಲೆ ಕೂರಬೇಕು. ಅಲ್ಲಿಂದ ಎಳೆಯ ಒಳಗೇ ಇಳಿದು ದಿಂಡು ಮುಟ್ಟಬೇಕು. ಆಗ ಆ ಜಾಗದಲ್ಲಿ ಒಂದು ಕಾಳು ಕಟ್ಟುತ್ತದೆ. ಬುಡದ ಕಡೆಯ ಎಳೆಗಳು ಮೊದಲು ಹೊರಬರುತ್ತವೆ, ತುದಿಯವು ಕೊನೆಗೆ. ಅವು ಬರುವ ಹೊತ್ತಿಗೆ ಪರಾಗ ಮುಗಿದಿದ್ದರೆ ತುದಿ ಬೋಳು. ಮಳೆ ಕೈಕೊಟ್ಟು ಗಿಡ ಸೊರಗಿದರೂ ಮೊದಲು ಹೋಗುವುದು ತುದಿಯ ಕಾಳೇ. ಹಸಿ ತೆನೆಯ ಸಿಪ್ಪೆಯನ್ನು ನಿಧಾನವಾಗಿ ಬಿಡಿಸಿ ಒಂದು ಎಳೆಯನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸಿ. ಅದು ನೇರ ಒಂದು ಕಾಳಿನ ಹತ್ತಿರ ಹೋಗಿ ನಿಲ್ಲುತ್ತದೆ. ನಡುನಡುವೆ ಹಲ್ಲು ಉದುರಿದ ಹಾಗಿರುವ ತೆನೆ ನೋಡಿದ್ದೀರಲ್ಲ? ಅಲ್ಲೆಲ್ಲ ಎಳೆಗೆ ಪರಾಗ ತಲುಪಿಲ್ಲ, ಇಲ್ಲವೇ ಕಟ್ಟಿದ ಕಾಳು ಎಳೆಯದರಲ್ಲೇ ಬತ್ತಿದೆ.

ದಾವಣಗೆರೆ ಸುತ್ತಮುತ್ತ ಮೆಕ್ಕೆಜೋಳ ಎಷ್ಟು ಬೆಳೆಯುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ವರ್ಷಗಟ್ಟಲೆ ತೆನೆ ಮುರಿದವರು, ಚೀಲ ಹೊತ್ತವರು, ಬೇಯಿಸಿ ತಿಂದವರು ಇಲ್ಲಿ ಲಕ್ಷಗಟ್ಟಲೆ ಜನ ಇದ್ದಾರೆ. ಅವರಲ್ಲಿ ಎಷ್ಟು ಜನ ಸಾಲು ಎಣಿಸಿದ್ದಾರೆ? ನಿಮ್ಮ ಮಗನ ಮಾತಿಗೆ ಉತ್ತರ ಇಲ್ಲೇ ಇದೆ. ಎಲ್ಲವೂ ಗೂಗಲ್‌ನಲ್ಲಿ ಇದೆ, ಸರಿ. ಆದರೆ ಕೇಳಿದವರಿಗೆ ಮಾತ್ರ ಅದು ಹೇಳುತ್ತದೆ. ತೆನೆಯಲ್ಲಿ ಎಷ್ಟು ಸಾಲು ಇರುತ್ತದೆ ಅನ್ನುವ ಪ್ರಶ್ನೆಯೇ ತಲೆಗೆ ಬರದವನು ಅದನ್ನು ಹುಡುಕುವುದಾದರೂ ಹೇಗೆ? ಆ ಪ್ರಶ್ನೆ ಅವನಿಗೆ ಸಿಗುವುದು ಇನ್ನೊಬ್ಬ ಮನುಷ್ಯನಿಂದ. ಸಕ್ಕರೆ ಕಟ್ಟಿಕೊಡುತ್ತಾ "ಇದನ್ನ ನೋಡಿದ್ದೀರಾ?" ಅಂತ ಕೇಳುವ ನಿಮ್ಮಂಥವರಿಂದ.

ಹೇಳುವ ರೀತಿಯ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜನರಿಗೆ ಇಂಥವೇ ಚಿಲ್ಲರೆ ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಕೆಲವು ಸೆಕೆಂಡು ಕಾಯಿಸಿದರು. ಕಾಯುವಾಗ ನಡುವೆ ಯಾರದೋ ಮುಖದ ಫೋಟೋ ತೋರಿಸಿದರು. ಕುತೂಹಲ ಜಾಸ್ತಿ ಹುಟ್ಟಿಸಿದ ಪ್ರಶ್ನೆಯ ಉತ್ತರ ಚೆನ್ನಾಗಿ ನೆನಪಿನಲ್ಲಿ ಉಳಿಯಿತು, ಅದು ಸಹಜ. ಜೊತೆಗೆ, ಆ ಹೊತ್ತಿನಲ್ಲಿ ಕಂಡ ಆ ಸಂಬಂಧವಿಲ್ಲದ ಮುಖವೂ ಹೆಚ್ಚು ನೆನಪಿತ್ತು! ಹಾಗಾಗಿ ನನ್ನ ಸಲಹೆ: ಉತ್ತರ ತಕ್ಷಣ ಹೇಳಿಬಿಡಬೇಡಿ. "ಸಾಲು ಎಷ್ಟಿರಬಹುದು?" ಅಂತ ಕೇಳಿ ಸುಮ್ಮನಿರಿ. ಅವರು ಊಹಿಸಲಿ, ಎಣಿಸಲಿ. ತಾವೇ ಎಣಿಸಿ ಕಂಡುಕೊಂಡದ್ದು ಅವರದ್ದೇ ಆಗುತ್ತದೆ. ನಕ್ಕು ಹೋದವರೂ ಮನೆಯಲ್ಲಿ ತೆನೆ ಕಂಡಾಗ ಎಣಿಸದೆ ಇರಲ್ಲ ಅಂತ ನನ್ನ ನಂಬಿಕೆ.

ನಿಮ್ಮ ಅಂಗಡಿಯಲ್ಲಿ ಮಂಡಕ್ಕಿ ಇರುತ್ತದೆ, ಅಲ್ವಾ? ಅದರಲ್ಲೂ ಇಂಥದ್ದೊಂದು ಇದೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ ಹದ ಮಾಡುತ್ತಾರೆ. ಆಮೇಲೆ ಭಟ್ಟಿಯ ಬಾಣಲೆಯಲ್ಲಿ ಕಾದ ಮರಳಿಗೆ ಹಾಕುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅರಳಿ ಮೇಲೆ ಬರುತ್ತದೆ. ಮರಳೇ ಯಾಕೆ? ಬಾಣಲೆಯ ತಳ ಅಕ್ಕಿಯ ಒಂದು ಮಗ್ಗುಲನ್ನು ಮಾತ್ರ ಮುಟ್ಟುತ್ತದೆ. ಮರಳು ಎಲ್ಲ ಕಡೆಯಿಂದ ಸುತ್ತಿಕೊಂಡು ಒಂದೇ ಸಲಕ್ಕೆ ಬಿಸಿ ಕೊಡುತ್ತದೆ. ಕಾಳಿನ ಒಳಗೆ ಉಳಿದ ಚೂರು ನೀರು ಆವಿಯಾಗಿ ಹೊರಗೆ ನುಗ್ಗುವಾಗ, ಮೊದಲೇ ಬೆಂದ ಹಿಟ್ಟಿನಂಶ ಹಿಗ್ಗಿ ಹಾಗೇ ನಿಂತುಬಿಡುತ್ತದೆ. ಬೇಯಿಸದ ಬೆಳ್ತಿಗೆ ಅಕ್ಕಿ ಹಾಕಿದರೆ ಕೆಂಪಾಗುತ್ತದೆ ಹೊರತು ಹೀಗೆ ಅರಳುವುದಿಲ್ಲ. ಮಂಡಕ್ಕಿ ಭಟ್ಟಿ ನಿಮ್ಮ ಊರಲ್ಲೇ ಇದೆ. ಮಗನನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

ಈಗ ರಾಷ್ಟ್ರಗೀತೆಯ ಸುದ್ದಿಗೆ ಬರೋಣ. ಯುನೆಸ್ಕೋ ಅಂಥದ್ದೇನನ್ನೂ ಘೋಷಿಸಿಲ್ಲ. ಆದರೂ ಆ ಸುದ್ದಿ ಎಷ್ಟೋ ವರ್ಷಗಳಿಂದ ಸುತ್ತುತ್ತಲೇ ಇದೆ, ಓದಿದವರೂ ಕಳಿಸುತ್ತಾರೆ. ಇಂಥ ಮಾತನ್ನು ಜನ ಯಾಕೆ ನಂಬುತ್ತಾರೆ ಅಂತ 1977ರಲ್ಲೇ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ತೋರಿಸಿದ್ದರು. ಕೆಲವು ಹೇಳಿಕೆಗಳನ್ನು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಕೇಳಿಸಿದರು. ನಿಜವೋ ಸುಳ್ಳೋ, ಪದೇ ಪದೇ ಕೇಳಿದ ಹೇಳಿಕೆಯೇ ಜನರಿಗೆ ಹೆಚ್ಚು ನಿಜ ಅನ್ನಿಸುತ್ತಾ ಹೋಯಿತು. ಹತ್ತು ಗುಂಪಿನಿಂದ ಹತ್ತು ಸಲ ಬಂದ ಮಾತನ್ನು ನೀವು ನಂಬಿದ್ದರಲ್ಲಿ ಆಶ್ಚರ್ಯ ಇಲ್ಲ. ಅದಕ್ಕೆ ನಾಚಿಕೊಂಡು ಬಾಯಿ ಕಟ್ಟಿಕೊಳ್ಳುವುದೂ ಬೇಡ.

ಆದರೆ ನಿಮ್ಮ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತೆನೆಯ ಸಾಲನ್ನು ಕೇಳಿದವರು ಅಲ್ಲೇ ನಿಂತು ಎಣಿಸಿದರು. ಯುನೆಸ್ಕೋ ಸುದ್ದಿಯನ್ನು ಕೇಳಿದವರು ನಂಬಬೇಕು, ಇಲ್ಲ ಬಿಡಬೇಕು, ಬೇರೆ ದಾರಿಯೇ ಇಲ್ಲ. ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ: ಸಂಗತಿ ಹೇಳುವಾಗ ಅದನ್ನು ನೋಡುವ ದಾರಿಯನ್ನೂ ಜೊತೆಗೇ ಕೊಡಿ. ಕೈಯಲ್ಲಿ ಮುಟ್ಟಿ ನೋಡುವಂಥದ್ದಾದರೆ ಹೇಗೆ ಅಂತ ಹೇಳಿ. ಆಗದಿದ್ದರೆ ಎಲ್ಲಿ ಓದಿದಿರಿ, ಯಾರು ಹೇಳಿದರು ಅಂತಾದರೂ ಹೇಳಿ. ಅದೂ ಇಲ್ಲದ್ದನ್ನು ಮುಂದಕ್ಕೆ ದಾಟಿಸಬೇಡಿ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಗೊತ್ತಲ್ಲ, ಶಾಂತಿಸಾಗರ. ಅದರ ಮಾತು ಬಂದರೆ ಸಾಕು, "ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ" ಅನ್ನುತ್ತಾರೆ. ಯಾವ ಅಳತೆಯಲ್ಲಿ ಎರಡನೇದು? ನೀರಿನ ಹರವಿನಲ್ಲಾ, ತುಂಬುವ ನೀರಿನಲ್ಲಾ? ಮೊದಲನೇದು ಯಾವುದು? ಅಂತ ಕೇಳಿದರೆ ಮಾತು ನಿಲ್ಲುತ್ತದೆ. ಅಲ್ಲಿಗೆ ಹೋದವರು ಕಣ್ಣಾರೆ ನೋಡಬಹುದಾದ ಬೆರಗು ಬೇರೆ ಇದೆ. ಏರಿಯ ಮೇಲೆ ನಿಂತು ಎರಡೂ ಕಡೆ ತಿರುಗಿ ನೋಡಿ. ಅಷ್ಟು ದೂರ ಹರಡಿದ ನೀರನ್ನು ಹಿಡಿದಿರುವುದು ಎರಡು ಗುಡ್ಡಗಳ ನಡುವಿನ ಸಂದಿಗೆ ಹಾಕಿದ ಒಂದು ಚಿಕ್ಕ ಏರಿ. ಉಳಿದದ್ದನ್ನೆಲ್ಲ ಗುಡ್ಡವೇ ಮಾಡಿದೆ. ಶತಮಾನಗಳ ಹಿಂದೆ ಆ ಜಾಗ ಆರಿಸಿದವರ ಕಣ್ಣನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಏಷ್ಯಾದ ಲೆಕ್ಕ ಯಾಕೆ ಬೇಕು?

ನಮ್ಮ ಚಿತ್ರದುರ್ಗದ ಕಡೆಯದ್ದು ಒಂದೆರಡು ಕೊಡುತ್ತೇನೆ, ಗಿರಾಕಿಗಳಿಗೆ ಹೇಳಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ ಅಂತ ಶಾಲೆಯಲ್ಲೇ ಓದಿರುತ್ತೇವೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಅದನ್ನು ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಎಡದಿಂದ ಬಲಕ್ಕೆ ಓದುವಂಥದ್ದು. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಸಿಗುತ್ತಿತ್ತು. ಆದರೆ ಕೊನೆಯಲ್ಲಿ ಅದನ್ನು ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಹೆಸರಿನ ಮುಂದೆ 'ಲಿಪಿಕಾರ' ಅನ್ನುವ ಅರ್ಥದ ಒಂದೇ ಒಂದು ಪದವನ್ನು ಬೇರೆ ಲಿಪಿಯಲ್ಲಿ ಬರೆದಿದ್ದಾನೆ. ಅದು ಖರೋಷ್ಠಿ, ಬಲದಿಂದ ಎಡಕ್ಕೆ ಹೋಗುವ ಲಿಪಿ. ಅದು ಬಳಕೆಯಲ್ಲಿದ್ದದ್ದು ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ದೂರದ ಗಾಂಧಾರದ ಕಡೆ, ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಭಾಗದಲ್ಲಿ. ನಮ್ಮ ಈ ಬಿಸಿಲು ನೆಲದಲ್ಲಿ ಆ ಲಿಪಿ ಓದುವವರು ಯಾರಿದ್ದರು? ಆತ ಆ ಕಡೆಯವನೇ ಇರಬಹುದು, ಅಲ್ಲಿ ಅಕ್ಷರ ಕಲಿತವನಿರಬಹುದು ಎಂದು ವಿದ್ವಾಂಸರು ಊಹಿಸುತ್ತಾರೆ. ರಾಜನ ಮಾತೆಲ್ಲ ಬರೆದು ಮುಗಿಸಿ ಕೊನೆಯ ಒಂದು ಪದವನ್ನು ಮಾತ್ರ ತನ್ನ ಇಷ್ಟದ ಅಕ್ಷರದಲ್ಲಿ ಹಾಕಿದ ಆ ಮನುಷ್ಯ ನನಗೆ ಅಶೋಕನಿಗಿಂತ ಹತ್ತಿರದವನಾಗಿ ಕಾಣುತ್ತಾನೆ.

ಇನ್ನೊಂದು ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯದು. ಅಲ್ಲಿನ ಬಂಡೆಗಳು ದಿಂಬು ಒಟ್ಟಿದ ಹಾಗೆ ಕಾಣುತ್ತವೆ. ಲಾವಾರಸ ನೀರಿನೊಳಗೆ ಉಕ್ಕಿದರೆ ಹೊರಮೈ ತಕ್ಷಣ ತಣ್ಣಗಾಗಿ ಗಟ್ಟಿಯಾಗುತ್ತದೆ, ಒಳಗಿನದು ಒತ್ತಿ ಗುಂಡಗಾಗುತ್ತದೆ, ಹೀಗೆ ಒಂದರ ಮೇಲೊಂದು ಕೂರುತ್ತದೆ. ಅಂದರೆ ಕುಡಿಯುವ ನೀರಿಗೆ ಪರದಾಡುವ ಈ ನೆಲ ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಇತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ನೋಡುವ ದಾರಿ: ದಿಂಬಿನ ಉಬ್ಬಿದ ಬೆನ್ನು ಯಾವ ಕಡೆ, ಚೂಪಾದ ಬಾಲ ಯಾವ ಕಡೆ ಅಂತ ಗಮನಿಸಿ. ಲಾವಾ ಕೂತ ಕಾಲದಲ್ಲಿ ಬಾಲ ಇರುವ ಕಡೆ ಕೆಳಗಿತ್ತು. ದಯವಿಟ್ಟು ಚೂರು ಒಡೆದು ತರಬೇಡಿ.

ಜಗಳೂರಿನ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿ ಎಂಬ ಸಣ್ಣ ಹುಲ್ಲೆ ಇದೆ. ಕಾಡಿನ ಸಸ್ತನಿಗಳಲ್ಲಿ ನಾಲ್ಕು ಕೊಂಬು ಇರುವುದು ಲೋಕದಲ್ಲಿ ಇದೊಂದಕ್ಕೇ, ಅದೂ ಗಂಡಿಗೆ ಮಾತ್ರ. ಇದನ್ನು ಶಾಲೆ ಮಕ್ಕಳಿಗೆ ಹೇಳಿ.

ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. 1933ರಲ್ಲಿ ಆ ಕೋಡಿಯಲ್ಲಿ ನೀರು ಹರಿದದ್ದನ್ನು ಕಂಡವರು ಮಕ್ಕಳಿಗೆ ಹೇಳಿದರು, ಆ ಮಕ್ಕಳು ಮೊಮ್ಮಕ್ಕಳಿಗೆ. ನೀರು ಬಂದ ದಿನ ಊರಿಗೆ ಊರೇ ಓಡಿಹೋಗಿ ನೋಡಿತು. ನಮ್ಮಜ್ಜ ಹೇಳ್ತಿದ್ದದ್ದು ಇದೇ ಅನ್ನುವ ಮಾತು ಎಷ್ಟು ಜನರ ಬಾಯಲ್ಲಿ ಬಂತು! ಆ ಅಜ್ಜಂದಿರು ಇದರಿಂದ ಯಾರಿಗೆ ಉಪಯೋಗ ಅಂತ ಸುಮ್ಮನಿದ್ದಿದ್ದರೆ, 2022ರ ನೀರು ಬರೀ ನೀರಾಗಿರುತ್ತಿತ್ತು.

ಕೊನೆಯದಾಗಿ, ನೀವು ಹೇಳುವಷ್ಟೇ ಕೇಳಿಯೂ ನೋಡಿ. ನಿಮ್ಮ ಅಂಗಡಿಗೆ ಎಪಿಎಂಸಿ ಹಮಾಲರು ಬರುತ್ತಾರೆ, ರೈತರು, ಡ್ರೈವರುಗಳು, ಹೊಲಿಗೆಯವರು ಬರುತ್ತಾರೆ. ಕಾಳು ಒಣಗಿದೆಯೋ ಇಲ್ಲವೋ ಅಂತ ಹಲ್ಲಲ್ಲಿ ಕಚ್ಚಿ ಹೇಳುವವರು ಅವರಲ್ಲಿ ಇದ್ದಾರೆ. ಕಚ್ಚಿದಾಗ ಯಾವ ಸದ್ದಿಗೆ ಏನು ಅರ್ಥ ಅಂತ ಕೇಳಿದ್ದೀರಾ? ತೇವ ಅಳೆಯುವ ಮೀಟರು ಬಂದ ಮೇಲೆ ಆ ಹಲ್ಲಿನ ಲೆಕ್ಕ ಯಾರೂ ಬರೆದಿಡುತ್ತಿಲ್ಲ. ನಿಮ್ಮ ಕೌಂಟರಿನ ಆಚೆ ನಿಂತವರ ಹತ್ತಿರ ನಿಮಗಿಂತ ಜಾಸ್ತಿ ಸರಕು ಇರುತ್ತದೆ. ಕೇಳುವವರು ಸಿಕ್ಕರೆ ಅವರು ಖುಷಿಯಿಂದ ಹೇಳುತ್ತಾರೆ.

ನಿಮ್ಮ ಪತ್ರದ ದೆಸೆಯಿಂದ ಮುಂದಿನ ಸಂಚಿಕೆಯಿಂದ ಅರ್ಧ ಪುಟವನ್ನು ಇದಕ್ಕೇ ಬಿಡುತ್ತಿದ್ದೇವೆ. ಎಲ್ಲ ಓದುಗರೂ ಬರೆಯಬಹುದು. ಕಂಡದ್ದು ಏನು, ಎಲ್ಲಿ ಕಂಡಿರಿ, ಇನ್ನೊಬ್ಬರು ಅದನ್ನು ಹೇಗೆ ನೋಡಬಹುದು, ಈ ಮೂರೂ ಇರಲಿ. ಬೇರೆಯವರು ಹೇಳಿದ್ದಾದರೆ ಅವರನ್ನು ಕೇಳಿ ಅವರ ಹೆಸರನ್ನೂ ಹಾಕಿ. ಎಲ್ಲಿಂದಲೋ ಬಂದ ಸಂದೇಶವನ್ನು ಹಾಗೇ ನಕಲು ಮಾಡಿ ಕಳಿಸಿದರೆ ಹಾಕಲಾಗುವುದಿಲ್ಲ. ಕಾರ್ಡಿನಲ್ಲಿ ಬರೆದರೂ ಸರಿ, ಫೋಟೋ ಇದ್ದರೂ ಸರಿ. ತಿಂಗಳ 20ರೊಳಗೆ ತಲುಪಿದ್ದನ್ನು ಮುಂದಿನ ತಿಂಗಳಿಗೆ ಸೇರಿಸುತ್ತೇವೆ. ಹಲ್ಲಿನಲ್ಲಿ ಕಾಳು ನೋಡುವ ಹಮಾಲರ ಮಾತನ್ನು ನೀವೇ ಬರೆದು ಕಳಿಸಿದರೆ ಮೊದಲ ಕಂತಿಗೆ ಅದನ್ನೇ ಇಟ್ಟುಕೊಳ್ಳುತ್ತೇವೆ.

— ಸಂಪಾದಕ