ಪುಟ್ಟ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟದ ಮಿನಿಯೇಚರ್ ಬೋರ್ಡಿನಲ್ಲಿ ನದಿ ನಿಜವಾದದ್ದರಂತೆ ಕಾಣಲು ಏನು ಮಾಡಬೇಕು? ಶಿವಮೊಗ್ಗದ ಮಳೆಗಾಲದಲ್ಲಿ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಪಾರದರ್ಶಕ ದ್ರವ) ಸುರಿಯಬಹುದಾ?

ಮೊದಲು ಬಣ್ಣ, ರೆಸಿನ್ ಆಮೇಲೆ. ನೀರಿಗೆ ಆಳ ಬರುವುದು ತಳದ ಬಣ್ಣದಿಂದ. ಸುಮ್ನೆ ನೀಲಿ ಬಳಿದರೆ ಈಜುಕೊಳ ಆಗುತ್ತದೆ ಅಷ್ಟೇ. ಬೇಸಿಗೆಯ ತುಂಗೆ ಬೇಕಿದ್ದರೆ ನಡುವೆ ಕಡು ಹಸಿರು-ಕಂದು, ದಡದತ್ತ ಬರಬರುತ್ತಾ ಮರಳಿನ ಬಣ್ಣ, ಅಲ್ಲಲ್ಲಿ ಬಂಡೆ. ಮಳೆಗಾಲದ ಹೊಳೆಯಾದರೆ ಕೆಂಪು ಮಣ್ಣಿನ ನೀರು, ತಳ ಕಾಣಲೇಬಾರದು. ಆಗ ರೆಸಿನ್ನೇ ಬೇಡ, ಬಣ್ಣದ ಮೇಲೆ ಹೊಳಪಿನ ವಾರ್ನಿಷ್ ಎರಡು ಮೂರು ಕೋಟ್ ಸಾಕು. ಖರ್ಚೂ ಕಮ್ಮಿ.

ಎಪಾಕ್ಸಿ ರೆಸಿನ್ ತೇವದ ಹವೆಯಲ್ಲಿ ಮಬ್ಬಾಗುತ್ತದೆ, ಅಂಟಂಟಾಗಿಯೂ ಉಳಿಯಬಹುದು. ಮಲೆನಾಡಿನ ಜುಲೈನಲ್ಲಿ ಆ ಸಾಹಸ ಬೇಡ, ಬೇಸಿಗೆ ತನಕ ಕಾಯಿರಿ. ಒಂದೇ ಸಲ ದಪ್ಪಗೆ ಸುರಿಯಬೇಡಿ. ಗಟ್ಟಿಯಾಗುವಾಗ ಬಿಸಿ ಜಾಸ್ತಿಯಾಗಿ ಅಡಿಯ ಥರ್ಮಾಕೋಲ್ ಕರಗಬಹುದು. ತಳಕ್ಕೆ ಫೆವಿಕಾಲ್ ಬಳಿದು ತೂತು ಮುಚ್ಚಿ, ಅದು ಪೂರ್ತಿ ಒಣಗಿದ ಮೇಲೆ ಸುಮಾರು 3 ಮಿ.ಮೀ. ಪದರ ಹಾಕಿ. ಅದು ಗಟ್ಟಿಯಾದ ಮೇಲೆ ಇನ್ನೊಂದು. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ.

ಜೋಗದಂಥ ಜಲಪಾತಕ್ಕೆ ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಸಿಲಿಕೋನ್ ಸಾಕು. ಪ್ಲಾಸ್ಟಿಕ್ ಹಾಳೆಯ ಮೇಲೆ ಎಳೆ ಎಳೆಯಾಗಿ ಹಾಕಿ, ಒಣಗಿದ ಮೇಲೆ ಸುಲಿದು ಬಂಡೆಗೆ ಅಂಟಿಸಿ. ಒಣಗಿದ ಸಿಲಿಕೋನ್ ಮೇಲೆ ಅಕ್ರಿಲಿಕ್ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ನೊರೆಗೆ ಹತ್ತಿಯ ಎಳೆಗಳನ್ನು ಸಿಲಿಕೋನ್ ಹಸಿ ಇರುವಾಗಲೇ ಒತ್ತಿಬಿಡಿ.