ವಿಚಾರ ಸಂಕಿರಣದ ನೇರ ಪ್ರಸಾರ

ಪ್ರಶ್ನೆ: ನಮ್ಮ ಕಾಲೇಜಿನ ವಿಚಾರ ಸಂಕಿರಣಕ್ಕೆ ಸುಮಾರು 200 ಜನ ಬರುತ್ತಾರೆ. ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಬೇಕು, ಸಭಿಕರ ಪ್ರಶ್ನೆಗಳನ್ನು ಮೊಬೈಲಿನಲ್ಲೇ ಪಡೆಯಬೇಕು. ಏನೇನು ಸಿದ್ಧತೆ ಬೇಕು?

ಉತ್ತರ: ಚಾನೆಲ್‌ನಲ್ಲಿ ನೇರ ಪ್ರಸಾರದ ಸೌಲಭ್ಯವನ್ನು ಇವತ್ತೇ ಆನ್ ಮಾಡಿ. ಮೊದಲ ಸಲ ಅದಕ್ಕೆ 24 ಗಂಟೆ ಹಿಡಿಯಬಹುದು.

ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಬಿಟ್ಟುಹೋಗುತ್ತಾರೆ. ಲ್ಯಾಪ್‌ಟಾಪ್‌ನ ಮೈಕ್ ನಂಬಬೇಡಿ. ಫ್ಯಾನಿನ ಸದ್ದು, ಪ್ರತಿಧ್ವನಿ ಎಲ್ಲವನ್ನೂ ಅದು ಹಿಡಿಯುತ್ತದೆ. ಮೈಕ್‌ಸೆಟ್‌ನವರ ಮಿಕ್ಸರ್‌ನಿಂದ (ಎಲ್ಲ ಮೈಕ್‌ಗಳ ಧ್ವನಿ ಸೇರುವ ಸಾಧನ) ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಆ ಧ್ವನಿಯನ್ನು ಲ್ಯಾಪ್‌ಟಾಪ್‌ಗೆ ತಲುಪಿಸುವ ಪುಟ್ಟ ಸಾಧನ) ಮೂಲಕ ನೇರವಾಗಿ ಧ್ವನಿ ತೆಗೆದುಕೊಳ್ಳಿ. ಮಿಕ್ಸರ್‌ನ ಮಟ್ಟ ಹೆಚ್ಚಿದ್ದರೆ ಮಾತು ಒಡೆದು ಕೇಳುತ್ತದೆ, ಹಿಂದಿನ ದಿನವೇ ಹೆಡ್‌ಫೋನ್ ಹಾಕಿ ಪರೀಕ್ಷಿಸಿ. 720ಪಿ ಸ್ಪಷ್ಟತೆಯ ಚಿತ್ರಕ್ಕೆ ಇಂಟರ್ನೆಟ್‌ನಲ್ಲಿ ಸುಮಾರು 4 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಅಪ್‌ಲೋಡ್ ವೇಗ ಬೇಕು. 8 ಇದ್ದರೆ ನೆಮ್ಮದಿ. ಖಾಲಿ ಸಭಾಂಗಣದಲ್ಲಿ ವೇಗ ಅಳೆದು ಸಮಾಧಾನಪಡಬೇಡಿ. 200 ಫೋನುಗಳು ಅದೇ ವೈಫೈಗೆ ಸೇರಿದಾಗ ಪ್ರಸಾರ ತಡವರಿಸುತ್ತದೆ, ಹಾಗಾಗಿ ಲ್ಯಾಪ್‌ಟಾಪ್‌ಗೆ ಪ್ರತ್ಯೇಕ ಸಂಪರ್ಕದ ಲ್ಯಾನ್ ಕೇಬಲ್ ಕೊಡಿ.

ಪ್ರಶ್ನೆಗಳಿಗೆ ಗೂಗಲ್ ಫಾರ್ಮ್ ಸಾಕು. ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿ ಹಾಕಬೇಡಿ. ಹಾಕಿದರೆ ಲಾಗಿನ್ ಕೇಳುತ್ತದೆ, ಅರ್ಧ ಜನ ಅಲ್ಲೇ ಕೈಬಿಡುತ್ತಾರೆ. ಫಾರ್ಮ್ ತೆರೆಯುವ ಕ್ಯೂಆರ್ ಕೋಡನ್ನು ಪರದೆಯಲ್ಲಿ ತೋರಿಸಿದರೆ ಹಿಂದಿನ ಸಾಲಿಗೆ ಸ್ಕ್ಯಾನ್ ಆಗುವುದು ಕಷ್ಟ. ಬ್ಯಾಡ್ಜ್ ಮೇಲೂ ಮುದ್ರಿಸಿ.