ಸ್ಕಾಲರ್‌ನಲ್ಲಿ ಎಚ್-ಇಂಡೆಕ್ಸ್ 24, ಸ್ಕೋಪಸ್‌ನಲ್ಲಿ 15: ಇಮ್ಯುನಾಲಜಿ ಅನುದಾನದ ಅರ್ಜಿಯಲ್ಲಿ ಯಾವುದನ್ನು ಬರೆಯಲಿ?

ಎಚ್-ಇಂಡೆಕ್ಸ್ 15 ಎಂದರೆ ತಲಾ ಕನಿಷ್ಠ 15 ಉಲ್ಲೇಖ ಪಡೆದ 15 ಲೇಖನಗಳಿವೆ ಎಂದರ್ಥ. 24 ಮತ್ತು 15ರ ನಡುವಿನ ಇಷ್ಟು ಅಂತರಕ್ಕೆ ಬಹುಶಃ ಎರಡು ಕಾರಣ ಸೇರಿವೆ: ಹೆಸರಿನ ಇನಿಷಿಯಲ್ ವ್ಯತ್ಯಾಸದಿಂದ ಸ್ಕೋಪಸ್‌ ಎಂಬ ಸಂಶೋಧನಾ ಲೇಖನಗಳ ದತ್ತಸಂಚಯದಲ್ಲಿ ನಿಮ್ಮ ಲೇಖನಗಳು ಎರಡು ಪ್ರೊಫೈಲ್‌ಗಳಿಗೆ ಹಂಚಿಹೋಗಿವೆ, ಗೂಗಲ್ ಸ್ಕಾಲರ್‌ನಲ್ಲಿ ಅದೇ ಹೆಸರಿನ ಬೇರೆಯವರ ಲೇಖನಗಳು ನುಸುಳಿವೆ. ಪ್ರೊಫೈಲ್ ನೋಡದೆ ಯಾವುದರ ಪಾಲು ಎಷ್ಟೆಂದು ಹೇಳಲಾರೆ. ಸ್ಕಾಲರ್ ಪ್ರಿಪ್ರಿಂಟ್ (ಜರ್ನಲ್‌ನ ಪರಿಶೀಲನೆಗೆ ಮೊದಲೇ ಹಂಚುವ ಪ್ರತಿ), ಪಿಎಚ್‌ಡಿ ಪ್ರಬಂಧಗಳಲ್ಲಿನ ಉಲ್ಲೇಖಗಳನ್ನೂ ಎಣಿಸುತ್ತದೆ. ಹಾಗಾಗಿ ಎಲ್ಲ ಸರಿಪಡಿಸಿದರೂ ಸ್ವಲ್ಪ ವ್ಯತ್ಯಾಸ ಉಳಿಯುತ್ತದೆ, ಅದು ತಪ್ಪಲ್ಲ.

ಮೊದಲು ಆರ್ಕಿಡ್ (ORCID) ಐಡಿಯಲ್ಲಿ, ಅಂದರೆ ಸಂಶೋಧಕರ ವಿಶಿಷ್ಟ ಗುರುತಿನ ಸಂಖ್ಯೆಯ ಖಾತೆಯಲ್ಲಿ, ಪ್ರತಿ ಲೇಖನವನ್ನೂ ಡಿಒಐ (ಲೇಖನದ ಶಾಶ್ವತ ಗುರುತು) ಮೂಲಕ ಸೇರಿಸಿ. ಮುಂದಿನ ಹೋಲಿಕೆಗೆಲ್ಲ ಅದೇ ಆಧಾರ. ಬಳಿಕ ಸ್ಕೋಪಸ್‌ನ ಲೇಖಕರ ಹುಡುಕಾಟದಲ್ಲಿ ಹೆಸರಿನ ಎಲ್ಲ ರೂಪಗಳನ್ನೂ ಹಾಕಿ ನೋಡಿ, ನಿಮ್ಮ ಪ್ರೊಫೈಲ್‌ಗಳನ್ನು ಗುರುತಿಸಿ ವಿಲೀನಕ್ಕೆ ಮನವಿ ಸಲ್ಲಿಸಿ. ಇದು ತಕ್ಷಣ ಆಗುವುದಿಲ್ಲ, ಅರ್ಜಿಯ ಗಡುವಿಗೆ ಸಾಕಷ್ಟು ಮೊದಲೇ ಮಾಡಿ. ಸ್ಕಾಲರ್‌ನಲ್ಲಿ ಲೇಖನಗಳು ತಾನಾಗಿ ಸೇರುವ ಆಯ್ಕೆಯನ್ನು ಆಫ್ ಮಾಡಿ, ನಿಮ್ಮದಲ್ಲದ್ದನ್ನು ಅಳಿಸಿ. ಬಯೋಆರ್‌ಕೈವ್ (ಜೀವವಿಜ್ಞಾನದ ಪ್ರಿಪ್ರಿಂಟ್ ತಾಣ) ಪ್ರತಿ, ಜರ್ನಲ್ ಪ್ರತಿ ಬೇರೆಬೇರೆಯಾಗಿದ್ದರೆ ಎರಡನ್ನೂ ಟಿಕ್ ಮಾಡಿ ಮರ್ಜ್ ಒತ್ತಿ. ಇಲ್ಲದಿದ್ದರೆ ಒಂದೇ ಕೆಲಸದ ಉಲ್ಲೇಖಗಳು ಒಡೆದುಹೋಗುತ್ತವೆ.

ಅರ್ಜಿಯಲ್ಲಿ ಸ್ಕೋಪಸ್ ಸಂಖ್ಯೆಯನ್ನೇ ಬರೆಯಿರಿ, ನೋಡಿದ ದಿನಾಂಕದ ಸಮೇತ. ಇತರರ ಸಂಶೋಧನೆಯನ್ನು ಒಟ್ಟುಗೂಡಿಸಿ ವಿಮರ್ಶಿಸುವ ರಿವ್ಯೂ ಲೇಖನಗಳಿಗೆ ಸಾಮಾನ್ಯವಾಗಿ ಉಲ್ಲೇಖ ಹೆಚ್ಚು, ಆದ್ದರಿಂದ ಮೂಲ ಸಂಶೋಧನೆಯನ್ನು ಪ್ರತ್ಯೇಕವಾಗಿ ತೋರಿಸುವುದು ಪ್ರಾಮಾಣಿಕ. ಆ ಮೂಲ ಸಂಶೋಧನಾ ಲೇಖನಗಳ ಪಬ್‌ಮೆಡ್ (ವೈದ್ಯಕೀಯ ಲೇಖನಗಳ ದತ್ತಸಂಚಯ) ಐಡಿಗಳನ್ನು ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಐಸೈಟ್‌ (iCite) ಎಂಬ ಜಾಲಸಾಧನಕ್ಕೆ ಹಾಕಿದರೆ, ಲೇಖನದ ಉಲ್ಲೇಖಗಳನ್ನು ಅದರ ಕ್ಷೇತ್ರಕ್ಕೆ ಹೋಲಿಸಿ ಅಳೆಯುವ ಆರ್‌ಸಿಆರ್ (ರಿಲೇಟಿವ್ ಸೈಟೇಶನ್ ರೇಶಿಯೊ) ಸಿಗುತ್ತದೆ. ಅದರಲ್ಲಿ 1.0 ಎಂದರೆ ಎನ್‌ಐಎಚ್ ಅನುದಾನದ ಲೇಖನಗಳ ಮಧ್ಯಾಂಕ.